ಅತ್ತೆಯನ್ನು ಏನೆಂದು ಕರೆಯುವುದು

ಅಮೆರಿಕದ ಸೆಂಟರ್‌ವಿಲ್‌ನಲ್ಲಿರುವ ಮಗಳ ಮನೆಗೆ ಬೀಗಿತ್ತಿ ಭಾನುವಾರ ಚರ್ಚ್ ಮುಗಿಸಿ ಊಟಕ್ಕೆ ಬರುತ್ತಿದ್ದರು. ಎಲಿಕಾಟ್ ಸಿಟಿಯಿಂದ ಒಬ್ಬರೇ ಡ್ರೈವ್ ಮಾಡಿಕೊಂಡು. ಅವರು ಕೊರಿಯಾದವರು. ನನ್ನನ್ನು ‘ಸಾದೊನ್’ ಎನ್ನುತ್ತಿದ್ದರು, ಅಂದರೆ ಬೀಗರೇ. ಇಂಗ್ಲಿಷಿನಲ್ಲಿ ಇದಕ್ಕೆ ಪದವೇ ಇಲ್ಲವೆಂದು ಇಬ್ಬರೂ ಒಮ್ಮೆ ನಕ್ಕಿದ್ದುಂಟು.

ಮಗಳು ಮಾತ್ರ ಅವರನ್ನು ಏನೆಂದೂ ಕರೆಯುತ್ತಿರಲಿಲ್ಲ. ಅನ್ನ ಬೇಕೇ ಎಂದು ಕೇಳಲು ಮೇಜು ಸುತ್ತಿ ಹೋಗಿ ಎದುರು ನಿಲ್ಲುವಳು. ಅವರು ತಲೆ ಎತ್ತಿದ ಮೇಲೆ ಮಾತು. ವಾರವಿಡೀ ದುಡಿದ ಮೈಗೆ ಈ ಸುತ್ತು ಬೇರೆ. ಪತ್ರಿಕೆಯ ಡೆಸ್ಕಿನಲ್ಲಿ ಬೇರೆಯವರ ವಾಕ್ಯ ತಿದ್ದಿ ವಯಸ್ಸು ಕಳೆದವನು ನಾನು. ಬಿಟ್ಟುಹೋದ ಪದ ಬೇಗ ಕಣ್ಣಿಗೆ ಬೀಳುತ್ತದೆ.

ಒಂದು ಭಾನುವಾರ ಬೀಗಿತ್ತಿಯೇ ಕೇಳಿದರು: “ಸಾದೊನ್, ಮದುವೆಯಾದಾಗಿನಿಂದ ನಿಮ್ಮ ಮಗಳು ನನ್ನನ್ನು ಒಮ್ಮೆಯೂ ಕರೆದಿಲ್ಲ. ನನ್ನ ಮೇಲೆ ಕೋಪವೇ?”

“ನನ್ನನ್ನೂ ಏಯ್ ಅಂತಲೇ ಕರೆಯುವುದು,” ಎಂದ ಅಳಿಯ. ಅವನ ತಾಯಿ ನಗಲಿಲ್ಲ.

ನಾನು ಎದ್ದು ಒಳಗೆ ಹೋದಾಗ ಅಡುಗೆಮನೆಯಲ್ಲಿ ಮಗಳು ಕುಕ್ಕರಿನ ಮುಚ್ಚಳ ಹಿಡಿದು ನಿಂತಿದ್ದಳು. ಎಲ್ಲವೂ ಕೇಳಿಸಿತ್ತು.

“ಒಮೊನಿಮ್ ಅನ್ನಬೇಕಂತೆ ಅಪ್ಪ. ಹಾಗಂದ್ರೆ ಅಮ್ಮ. ಟ್ರೈ ಮಾಡ್ದೆ, ಬಾಯಿಗೆ ಬರಲ್ಲ.”

“ಆಂಟಿ ಅನ್ನು.”

“ಪಕ್ಕದ್ಮನೆಯವ್ರಾ ಅವ್ರು? ಇನ್ನೂ ಬೇಜಾರ್ ಮಾಡ್ಕೋತಾರೆ.”

ಅವಳ ಅಮ್ಮ ಇಂಡಿಯಾದಲ್ಲಿ ತೀರಿಕೊಂಡಿದ್ದು ಮದುವೆಯ ಹಿಂದಿನ ವರ್ಷ, ಕೋವಿಡ್‌ನಲ್ಲಿ. ವಿಮಾನಗಳಿರಲಿಲ್ಲ; ಮಗಳು ಫೋನಿನಲ್ಲೇ ನೋಡಿದಳು.

ನಾನು ಹೊರಗೆ ಬಂದು ಬೀಗಿತ್ತಿಗೆ ಇಷ್ಟನ್ನೇ ಹೇಳಿದೆ: ನಮ್ಮಲ್ಲಿ ಗಂಡನ ತಾಯಿಗೆ ಬೇರೆಯೇ ಪದವಿದೆ, ಅತ್ತೆ. ಅದು ಅಮ್ಮನ ಜಾಗವನ್ನು ಮುಟ್ಟುವುದಿಲ್ಲ.

ಅವರು ಪದವನ್ನು ಬಿಡಿಸಿ ಹೇಳಿ ನೋಡಿದರು. “ಅ-ತ್ತೆ. ಇದರಲ್ಲಿ ಮರ್ಯಾದೆ ಇದೆಯೇ?”

“ಇದೆ. ಸ್ವಲ್ಪ ಹೆದರಿಕೆಯೂ ಇದೆ.”

“ಹಾಗಾದರೆ ಸರಿ,” ಎಂದರು. ಮತ್ತೆ, “ಸೊಸೆ ಯಾಕೆ ಒಮೊನಿಮ್ ಅನ್ನುವುದಿಲ್ಲ ಎಂದು ಚರ್ಚಿನ ಹೆಂಗಸರು ಕೇಳಿದರೆ ಏನೆನ್ನಲಿ?” ಎಂದರು.

ಮಗಳು ಅನ್ನದ ಪಾತ್ರೆ ತಂದು ಮೇಜಿನ ಈ ಬದಿಯಲ್ಲೇ ನಿಂತಳು.

“ಅತ್ತೆ, ಅನ್ನ?”

ಬೀಗಿತ್ತಿ ಕಿಮ್ಚಿ ಬಡಿಸಿಕೊಳ್ಳುತ್ತಲೇ ಇದ್ದರು. ಪದ ಕಿವಿಗೆ ಹೊಸದು, ತಮ್ಮನ್ನೇ ಕರೆದದ್ದೆಂದು ತಿಳಿಯಲಿಲ್ಲ. ಮಗಳ ಕಾಲು ಅಭ್ಯಾಸದಂತೆ ಮೇಜು ಸುತ್ತಲು ಎದ್ದಿತು. ಆಮೇಲೆ ನಿಂತಳು.

“ಅತ್ತೆ,” ಎಂದಳು ಇನ್ನೊಮ್ಮೆ, ದಣಿದ ದನಿಯಲ್ಲಿ, ಕಾಯುತ್ತ.