ತೂಕ ಇಳಿಸಿದ ಬೈಕು

ಅಪ್ಪನ ಹಳೆಯ ಬೈಕನ್ನು ಕೆಫೆ ರೇಸರ್ ಮಾಡುತ್ತೇನೆಂದು ಹೊರಟಾಗ ನನಗೆ ಮೂವತ್ತೆಂಟು ವರ್ಷ. ಆ ವಯಸ್ಸಿಗೆ ಬರಬಾರದ ಹುಚ್ಚು. ಬೈಕಿನ ಮೈಮೇಲಿನ ಬೇಡದ ಸಾಮಾನನ್ನೆಲ್ಲ ಕಿತ್ತು, ಹ್ಯಾಂಡಲ್ ತಗ್ಗಿಸಿ, ಸೀಟು ಗಿಡ್ಡ ಮಾಡಿ, ತಿರುವಿನಲ್ಲಿ ಹೇಳಿದ ಮಾತು ಕೇಳುವಷ್ಟು ಹಗುರ ಮಾಡುವುದಕ್ಕೆ ಆ ಹೆಸರು. ಯಾವುದು ಬೇಕು, ಯಾವುದು ಬೇಡ ಎಂದು ತೀರ್ಮಾನಿಸುವವನು ನಾನು. ಎಡವಟ್ಟಾಗಿದ್ದೇ ಅಲ್ಲಿ.

ಬೋಗಾದಿಯ ಮೆಕ್ಯಾನಿಕ್ ಒಬ್ಬರ ಶೆಡ್ಡಿನಲ್ಲಿ ಎರಡು ತಿಂಗಳ ಭಾನುವಾರಗಳನ್ನು ಕಳೆದೆ. ಬಿಚ್ಚಿದ್ದನ್ನೆಲ್ಲ ಮನೆಗೆ ಹೊತ್ತು ತಂದು, ಒಂದೊಂದನ್ನೇ ಹಿಡಿದುಕೊಂಡು ತೂಕದ ಯಂತ್ರದ ಮೇಲೆ ನಿಂತು, ನನ್ನ ತೂಕ ಕಳೆದು ಬರೆದಿಡುತ್ತಿದ್ದೆ. ಉದ್ದನೆಯ ಮಡ್ಗಾರ್ಡು, ಸೆಂಟರ್ ಸ್ಟ್ಯಾಂಡು, ದಪ್ಪ ಸೀಟು. ನೀವೇ ನಾಲ್ಕು ಕೆ.ಜಿ. ಇಳಿದಿದ್ದರೆ ಇಷ್ಟು ಕಷ್ಟವೇ ಇರಲಿಲ್ಲ ಎಂದು ಹೆಂಡತಿ ಕಾಲೆಳೆಯುತ್ತಿದ್ದಳು.

ಕೊನೆಗೆ ಉಳಿದದ್ದು ಸ್ಯಾರಿ ಗಾರ್ಡ್. ಒಂದೇ ಕಡೆ ಕಾಲು ಹಾಕಿ ಕೂರುವ ಹೆಂಗಸರ ಸೀರೆ ಹಿಂದಿನ ಚಕ್ರಕ್ಕೆ ಸಿಗದಂತೆ ತಡೆಯುವ ಕಬ್ಬಿಣದ ಜಾಲರಿ ಅದು; ಅವರು ಕಾಲಿಡುವ ಪಟ್ಟಿಯೂ ಅದರ ಕೆಳಗೇ. ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟರು.

"ಇದೊಂದು ಇರ್ಲಿ ಬುಡಿ ಸಾರ್. ಮನೇಲಿ ಹೆಣ್ಮಕ್ಳು ಇರ್ತಾರೆ, ಯಾವತ್ತಾದ್ರೂ ಕೂರ್ತಾರೆ."

ಇದು ಒಬ್ಬನೇ ಓಡಿಸುವ ಗಾಡಿ, ಹಿಂದೆ ಯಾರನ್ನೂ ಕೂರಿಸುವುದಿಲ್ಲ ಎಂದು ನಾನು ಅವರಿಗೇ ಪಾಠ ಹೇಳಿದೆ. ಅವರು ಹೊರಗೆ ಹೋಗಿ ಟೀ ಕುಡಿಯುತ್ತ ನಿಂತರು. ನಾನೇ ಬಿಚ್ಚಿದೆ. ಎರಡೂಕಾಲು ಕೆ.ಜಿ. ಇತ್ತು.

ಮುಂದಿನ ವಾರ ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಓಡಿಸಿ ನೋಡಿದೆ. ಮೊದಲೆಲ್ಲ ಎಮ್ಮೆಯ ಹಾಗೆ ಮೊಂಡು ಹಿಡಿಯುತ್ತಿದ್ದ ಗಾಡಿ, ಈಗ ಮೈ ಸ್ವಲ್ಪ ಬಾಗಿಸಿದರೆ ಸಾಕು, ತಿರುಗುತ್ತಿತ್ತು. ಅಷ್ಟು ಸಂತೋಷ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ನನ್ನ ಅಕ್ಕನ ಮನೆ ದಟ್ಟಗಳ್ಳಿಯಲ್ಲಿ, ನಮ್ಮ ಮನೆಯಿಂದ ಮೂರು ಬೀದಿ ಆಚೆ. ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಒಂದು ಬೆಳಿಗ್ಗೆ ಅವಳ ಸ್ಕೂಟರ್ ಪಂಕ್ಚರ್ ಆಗಿತ್ತು, ಪರೀಕ್ಷೆಯ ಡ್ಯೂಟಿ ಬೇರೆ ಇತ್ತು, ಭಾವ ಆಗಲೇ ಕೆಲಸಕ್ಕೆ ಹೋಗಿದ್ದರು. ಸ್ಕೂಲಿನ ತನಕ ಬಿಡು ಎಂದು ಫೋನ್ ಮಾಡಿದಳು. ಆಟೋ ಹಿಡಿ ಅನ್ನಬಹುದಿತ್ತು. ಆದರೆ ನನಗೆ ಬೈಕ್ ತೋರಿಸುವ ಚಪಲ. ಗಿಡ್ಡ ಸೀಟಿನ ತುದಿಯಲ್ಲಿ ಹೇಗೋ ಕೂತು, ಕಾಲಿಡಲು ಏನೂ ಇಲ್ಲವಲ್ಲೋ ಎಂದಳು. ಐದು ನಿಮಿಷದ ದಾರಿ, ಅಡ್ಜಸ್ಟ್ ಮಾಡಿಕೋ ಎಂದೆ. ಅವಳು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ನನ್ನ ಭುಜ ಹಿಡಿದಳು. ಅದನ್ನು ನಾನು ಕನ್ನಡಿಯಲ್ಲಿ ಕಣ್ಣಾರೆ ನೋಡಿದೆ.

ಸಿಕ್ಕಿಕೊಂಡದ್ದು ಸೆರಗಲ್ಲ. ರಿಂಗ್ ರೋಡಿಗೆ ತಿರುಗುವಾಗ ಅವಳ ಸೀರೆಯ ನೆರಿಗೆ ಚಕ್ರಕ್ಕೆ ಹೋಯಿತು. ಭುಜದ ಮೇಲಿದ್ದ ಕೈ ಒಮ್ಮೆ ಬಿಗಿಯಿತು, ಆಮೇಲೆ ಇರಲಿಲ್ಲ. ಸೀರೆ ಎಳೆದರೆ ಬರಲಿಲ್ಲ. ಪಕ್ಕದ ಹಣ್ಣಿನ ಗಾಡಿಯವರು ಚಾಕು ತಂದು ಕತ್ತರಿಸಿದರು.

ಅವಳನ್ನು ಬಲಭುಜದ ಆಪರೇಷನ್ನಿಗೆ ಒಳಗೆ ಕರೆದೊಯ್ದ ಮೇಲೆ ನಾನು ಮಾಡಿದ ಕೆಲಸವನ್ನೂ ಹೇಳಿಬಿಡುತ್ತೇನೆ. ಅಕ್ಕನ ಬಟ್ಟೆ ತರುತ್ತೇನೆಂದು ಭಾವನನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ, ಮನೆಗೆ ಹೋಗಿ ಸ್ಯಾರಿ ಗಾರ್ಡ್ ಎತ್ತಿಕೊಂಡು, ರಿಂಗ್ ರೋಡಿನಲ್ಲೇ ಬಿಟ್ಟಿದ್ದ ಬೈಕನ್ನು ಬೋಗಾದಿಗೆ ಒಯ್ದು ಅದನ್ನು ಮತ್ತೆ ಹಾಕಿಸಿದೆ. ಭಾವ ಬೈಕ್ ನೋಡುವ ಮೊದಲೇ ಅದು ಇರಬೇಕಿತ್ತು. ಮೆಕ್ಯಾನಿಕ್ ನಟ್ಟು ಬಿಗಿ ಮಾಡಿ, ಕೈ ಒರೆಸಿಕೊಂಡು, ನನ್ನ ಮುಖ ನೋಡದೆ ಒಳಗೆ ಹೋದರು.

ಎರಡನೆಯ ದಿನ ವಾರ್ಡಿನಲ್ಲಿ ಭಾವ ಇದೆಲ್ಲ ಹೇಗಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಹೇಳಿದಳು: "ನಂದೇ ತಪ್ಪು ಕಣ್ರೀ. ಸೆರಗು ಸಿಕ್ಕಿಸ್ಕೊಂಡಿರ್ಲಿಲ್ಲ."

ಆ ಮಾತು ನೆಂಟರ ಬಾಯಲ್ಲಿ ಬೆಳೆಯಿತು. ಬೈಕಿಗೆ ಗಾರ್ಡ್ ಇದ್ದೂ ಹೀಗೆ ಮಾಡಿಕೊಂಡಳಲ್ಲ, ಟೀಚರ್ ಆಗಿ ಅಷ್ಟೂ ತಿಳಿವಳಿಕೆ ಬೇಡವೇ ಎಂದು ಅವಳ ಎದುರಿಗೇ ಅಂದರು. ಅವಳು ಹೌದೌದು ಎನ್ನುತ್ತಿದ್ದಳು. ಈಗ ಅವಳ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಬೋರ್ಡಿನ ಕೆಳಗಿನ ಅರ್ಧದಲ್ಲಿ ಮಾತ್ರ ಲೆಕ್ಕ ಬರೆಯುತ್ತಾಳಂತೆ, ಹಿಂದಿನ ಬೆಂಚಿನ ಮಕ್ಕಳು ಎದ್ದು ನಿಂತು ನೋಡಬೇಕಂತೆ. ತಲೆ ಬಾಚುವುದು ಭಾವ.

ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆ. ಅಕ್ಕ ಉತ್ತರ ಪತ್ರಿಕೆ ತಿದ್ದುತ್ತಿದ್ದಳು, ಭಾವ ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿದ್ದರು. ಇವತ್ತು ಭಾವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ ಎಂದು ಮೆಲ್ಲಗೆ ಹೇಳಿದೆ. ಅವಳ ಪೆನ್ನು ನಿಂತಿತು.

"ಹೇಳಿ ಏನ್ ಮಾಡ್ತೀಯ? ಆಮೇಲೆ ಅವ್ರು ನಿನ್ನ ಈ ಮನೆ ಹೊಸಿಲು ತುಳಿಯೋಕೆ ಬಿಡಲ್ಲ. ಕೈಯಂತೂ ಹೋಯ್ತು. ತಮ್ಮನ್ನೂ ಕಳ್ಕೊಳ್ಲಾ? ಸುಮ್ನಿದ್ಬುಡು."

ನನಗೆ ಆಗ ಅಳು ಬರಬೇಕಿತ್ತು. ಬಂದದ್ದು ಸಮಾಧಾನ. ತಪ್ಪಿಸಿಕೊಂಡೆ ಅನ್ನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ಅದೇ.

ಭಾವ ಕಾಫಿ ತಂದು, ಅಕ್ಕನ ಲೋಟವನ್ನು ಅವಳ ಎಡಗೈಗೆ ಸಿಗುವಂತೆ ಇಟ್ಟರು. ನನ್ನ ಪಕ್ಕ ಕೂತು, ಅವತ್ತು ಇವಳು ಸ್ವಲ್ಪ ಹುಷಾರಾಗಿ ಕೂತಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ ಅಲ್ಲವೇನಪ್ಪ ಎಂದರು. ಅಕ್ಕ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

"ಹೌದು ಭಾವ" ಎಂದೆ.