ಕಡೆತನಕ ಕೇಳಿದ ಕ್ಯಾಸೆಟ್

ಭೀಮರಾಯ ಗೋಗಿ ಎಂಬ ಊರಿನ ಕಡೆಯ ಕಾಲುವೆಯಲ್ಲಿ ಗೇಟಿನವನಾಗಿದ್ದ. ನೀರು ಬಿಡುವುದು, ಮುಚ್ಚುವುದು, ಇಷ್ಟೇ ಕೆಲಸ. ಮಿಕ್ಕ ಹೊತ್ತು ದುಃಖಪಡುವುದಕ್ಕೆ ಮೀಸಲು. ಏನು ದುಃಖವೆಂದು ಅವನಿಗೂ ಗೊತ್ತಿರಲಿಲ್ಲ. ಹೆಂಡತಿ ಮರಿಲಿಂಗಮ್ಮ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿಯುತ್ತಿದ್ದಳು, ಎರಡೂ ಎಮ್ಮೆ ಹಾಲು ಕೊಡುತ್ತಿದ್ದವು.

ಈ ದುಃಖದ ರೋಗ ಹತ್ತಿದ್ದು ಹೈದರಾಬಾದಿನಲ್ಲಿ. ಕಾಲುವೆ ಬರುವ ಮೊದಲು ಅಲ್ಲಿಗೆ ಕೂಲಿಗೆ ಹೋದಾಗ, ಮಾಲೀಕನ ಕಾಲೇಜು ಮಗ ಬಿಸಾಕಿದ್ದ ಗಿಟಾರು, ಒಂದು ಇಂಗ್ಲಿಷ್ ರಾಕ್ ಕ್ಯಾಸೆಟ್ಟು ಎತ್ತಿಕೊಂಡು ಬಂದಿದ್ದ. ಗಿಟಾರಿಗೆ ನಾಲ್ಕೇ ತಂತಿ. ಕ್ಯಾಸೆಟ್ಟಿನಲ್ಲಿ ಯಾರೋ ಕೌದಿಯೊಳಗಿಂದ ಗೊಣಗಿದಂತೆ ಹಾಡುತ್ತಿದ್ದ. ಹಾಡಿಗಿಂತ ಗರಗರವೇ ಹೆಚ್ಚು. ಇಪ್ಪತ್ತು ನಿಮಿಷಕ್ಕೆ ಮುಗಿದೂ ಹೋಗುತ್ತಿತ್ತು. ಗಂಟಲು ಚೆಂದವಿಲ್ಲದವನೂ ಹೀಗೆ ಅಳಬಹುದು ಎಂಬುದೇ ಭೀಮರಾಯನಿಗೆ ಹಿಡಿಸಿತು.

ತಾನೂ ಗೇಟಿನ ಪಕ್ಕದ ಕೋಣೆಯಲ್ಲಿ ಟೇಪ್ ಇಟ್ಟು, ರೇಡಿಯೋದವರ ಹಾಗೆ “ಇವತ್ತು ಸೋಮವಾರ, ಹಾಡುವಾತ ಭೀಮರಾಯ” ಎಂದು ಸಾರಿ, ಆರು ಹಾಡು ತುಂಬಿಸಿದ. ನಡುವೆ ಒಂದು ಕೆಲಸಕ್ಕೆ ಎದ್ದುಹೋದ, ಟೇಪ್ ನಿಲ್ಲಿಸಲಿಲ್ಲ.

ಒಬ್ಬರಾದರೂ ಕಡೆತನಕ ಕೇಳಬೇಕು, ಅಷ್ಟೇ ಅವನ ಆಸೆ. ಮರಿಲಿಂಗಮ್ಮ ಎರಡನೇ ಹಾಡಿಗೇ ಎಮ್ಮೆ ಕರೆಯಿತೆಂದು ಎದ್ದಳು. ಬಾಷುಮಿಯಾನ ಚಹಾದಂಗಡಿಯಲ್ಲಿ ಹಾಕಿಸಿದರೆ ಕುಂತವರೆಲ್ಲ ಬಸ್ಸಿಗೆ ಹೊರಟರು. ಅಂದಿನಿಂದ ಬಾಷುಮಿಯಾ ಸಂಜೆ ಕಸಬರಿಗೆ ಹಿಡಿಯುವ ಮೊದಲು ತಪ್ಪದೆ ಅದನ್ನೇ ಹಾಕತೊಡಗಿದ.

ಒಂದು ಸಂಜೆ ಯಾರೂ ಏಳಲಿಲ್ಲ. ಕಾಲುವೆಯ ತುದಿಯ ಊರಿನ ಲಾಲಮ್ಮ ತನ್ನೂರಿನ ನಾಲ್ಕು ಮಂದಿಯೊಡನೆ ಕಿವಿಗೊಟ್ಟು ಕುಳಿತಿದ್ದಳು. ಟೇಪಿನಲ್ಲಿ ಹಾಡಿನ ಹಿಂದೆ ಕಾಲುವೆಯ ನೀರು ಭೋರೆನ್ನುತ್ತಿತ್ತು. ಸೋಮವಾರ ಹೊತ್ತು ಮುಳುಗುವತನಕ ಆ ನೀರು ಅವರ ಪಾಳಿ, ಕಾಗದದ ಮೇಲೆ. ಹೊಲದಲ್ಲಿ ಕಂಡದ್ದು ಅಪರೂಪ. ಮೂಲೆಯಲ್ಲಿದ್ದ ಭೀಮರಾಯನ ಎದೆ ಉಬ್ಬಿತು.

ಐದು ಹಾಡು ಮುಗಿದವು. ಟೇಪಿನಲ್ಲಿ ಮಸೀದಿಯ ಮಧ್ಯಾಹ್ನದ ಅಜಾನ್ ಕೇಳಿತು. ಆಮೇಲೆ ಗೇಟಿನ ಚಕ್ರ ಕಿರುಗುಟ್ಟಿತು, ನೀರು ನಿಂತಿತು. ಆರನೇ ಹಾಡು ನೀರಿನ ಸದ್ದಿಲ್ಲದೆ ಸ್ವಚ್ಛವಾಗಿ ಕೇಳಿತು. ಸುಳ್ಳೇಕೆ ಹೇಳಬೇಕು, ಚೆನ್ನಾಗಿಯೇ ಇತ್ತು.

ಲಾಲಮ್ಮ ಅದು ಮುಗಿಯುವತನಕ ಕಾದಳು. “ಚಲೋ ಹಾಡೀದಿ, ತಮ್ಮಾ. ನಮ್ಮ ಪಾಳಿ ನೀರು ಮಧ್ಯಾಹ್ನಕ್ಕ ಯಾರ ಹೊಲಕ್ಕ ತಿರುವಿದಿ, ಅದನ್ನೂ ಹಾಡಿಬಿಡು.”

ಮೇಲಿನ ಹೊಲದ ಜಗದೇವಪ್ಪನ ಹೆಸರು ಭೀಮರಾಯನ ಬಾಯಿತನಕ ಬಂದು ಒಳಗೇ ಹೋಯಿತು.

ಮುಂದಿನ ಸೋಮವಾರದಿಂದ ಲಾಲಮ್ಮ ಬುತ್ತಿ ಕಟ್ಟಿಕೊಂಡು ಬಂದು, ಹೊತ್ತು ಮುಳುಗುವತನಕ ಗೇಟಿನ ಕಟ್ಟೆಯ ಮೇಲೆ ಚಕ್ರ ಕಾಯುತ್ತ ಕೂಡತೊಡಗಿದಳು. ಬೇಸರವಾದಾಗ, “ಹಾಡೋ ತಮ್ಮಾ, ಕೇಳತೀನಿ,” ಎನ್ನುತ್ತಿದ್ದಳು. ಕಡೆತನಕ ಕೇಳುವವಳು ಸಿಕ್ಕಿದ್ದಳು. ಭೀಮರಾಯನಿಗೇ ಹಾಡು ಹೊರಡಲಿಲ್ಲ.