ಐದು ನಿಮಿಷದ ಶರಣು

ನಮ್ಮ ಓಣಿಯವರೇ ಆದ ಅವರು ಆಗಿನ್ನೂ ಹೊಸ ಶಾಸಕರು. ಅಧಿವೇಶನ ಮುಗಿಸಿ ಬಂದರೆ ಹಳ್ಳಿಹಳ್ಳಿಗೆ ಹೋಗಿ ಅಲ್ಲಿ ಆದದ್ದನ್ನೆಲ್ಲ ಜನರಿಗೆ ಒಪ್ಪಿಸುತ್ತಿದ್ದರು. ಚಪ್ಪಲಿ ಕಳಚಿ ಕಟ್ಟೆ ಹತ್ತುವುದು, ಹೊದಿಸಿದ ಶಾಲಿನ ತುದಿಯಿಂದಲೇ ಕನ್ನಡಕ ಒರೆಸುವುದು, ಆಮೇಲೆ ‘ಖರೇ ಹೇಳ್ತೇನ್ರಿ’ ಎಂದು ಶುರು ಮಾಡುವುದು.

ಮೊದಲ ಅಧಿವೇಶನ ಮುಗಿದ ಮೇಲೆ ಝಳಕಿ ಕಡೆಯ ಹಳ್ಳಿಯೊಂದಕ್ಕೆ ನನ್ನನ್ನೂ ಕರೆದೊಯ್ದಿದ್ದರು. ಮುಂಜಾನೆ ಬಸ್ಸಿಲ್ಲದೆ ಆ ಊರಿನ ಹುಡುಗಿಯರು ಒಬ್ಬೊಬ್ಬರಾಗಿ ಕಾಲೇಜು ಬಿಡುತ್ತಿದ್ದರು. ಕಟ್ಟೆಯ ಮುಂದೆ ಕುಳಿತಿದ್ದ ಅಜ್ಜಿಯೊಬ್ಬಳ ಮೊಮ್ಮಗಳೂ ಬಿಟ್ಟಿದ್ದಳು.

‘ನಮ್ಮ ಬಸ್ಸಿಂದು ಏನಾತ್ರಿ ಸಾಹೇಬ್ರ?’ ಎಂದು ಅಜ್ಜಿ ಕೇಳಿದಳು.

ಜೊತೆಗಿದ್ದವರು ‘ಪ್ರಯತ್ನ ನಡದೈತಿ’ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಇವರು ಕೈ ಎತ್ತಿ ತಡೆದರು.

‘ಖರೇ ಹೇಳ್ತೇನಿ ಯವ್ವಾ. ಸದನದಾಗ ಮಾತಾಡಾಕ ಐದು ನಿಮಿಷ ಕೊಟ್ಟಿದ್ರು. ಮೊದಲ್ನೇ ಸಲ ನಿಂತೇನಿ, ಆರಿಸಿ ಕಳಿಸಿದವ್ರಿಗೆ ಶರಣು ಹೇಳಬೇಕಲ್ಲ ಅಂತ ಮಠದ ಅಜ್ಜಾರಿಂದ ಹಿಡದು ಒಂದೊಂದು ಊರಿನ ಹೆಸರು ತಗೊಂಡೆ. ನಿಮ್ಮೂರಿನ ಹೆಸರೂ ಹೇಳಿದೆ. ಬಸ್ಸು ಅನ್ನೂದ್ರಾಗ ಗಂಟಿ ಹೊಡೀತು.’

ಯಾರೂ ನಗಲಿಲ್ಲ. ಅಜ್ಜಿ ಸೆರಗು ಸರಿಪಡಿಸಿಕೊಂಡು, ‘ನಮಗ್ಯಾಕ್ರಿ ಶರಣು? ನಾವೇನು ಬೀಗರೇನ್ರಿ? ಮುಂದಿನ ಸಲ ಬಸ್ಸಿಂದು ಮೊದಲ ಹೇಳ್ರಿ’ ಎಂದಳು. ಇವರು ತಲೆ ತಗ್ಗಿಸಿ ‘ಹೌದು’ ಎಂದರು.

ಮುಂದಿನ ಅಧಿವೇಶನವನ್ನು ನಾನು ಟಿವಿಯಲ್ಲಿ ನೋಡಿದೆ. ಅವರ ಸರದಿ ಬಂತು. ಎದ್ದು ನಿಂತು ಕನ್ನಡಕ ಒರೆಸಿಕೊಂಡರು. ಸಭಾಧ್ಯಕ್ಷರಿಗೂ ಕೈ ಮುಗಿಯದೆ, ‘ಮುಂಜಾನಿ ಬಸ್ಸಿಲ್ರಿ’ ಎಂದರು.